ಚಿನ್ನಸ್ವಾಮಿಯ ಎಡಗೈ ತೋರುಬೆರಳು

ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ಗಲ್ಲಿಯಲ್ಲಿ ನಿಂತು ಚಿನ್ನಸ್ವಾಮಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಮೆಷಿನ್ ಪೇಂಟರ್ ಮನೆ ಎಂದರೆ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಈ ಕೀರ್ತಿಗೆ ಅವನು ಇಪ್ಪತ್ತೆಂಟು ವರ್ಷ ದುಡಿದಿದ್ದ. ರೇಷ್ಮೆ ಹುರಿ ಕಾರ್ಖಾನೆಗಳ ಗೋಡೆಗೆ ಸುಣ್ಣ ಬಳಿಯುತ್ತ ಶುರುಮಾಡಿ, ಬ್ರಷ್ಷಿನಿಂದ ರೋಲರಿಗೆ ಬಡ್ತಿ ಪಡೆದು, ದೇವನಹಳ್ಳಿ ಕಡೆ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಏರ್‌ಲೆಸ್ ಮೆಷಿನ್ ಕೊಂಡಿದ್ದ. ಗಾಳಿಯ ಹಂಗಿಲ್ಲದೆ ಬರೀ ಒತ್ತಡದಿಂದ ಬಣ್ಣ ಚಿಮ್ಮಿಸುವ ಯಂತ್ರ ಅದು. ಕಾರಿನ ಟಯರಿನಲ್ಲಿರುವ ಒತ್ತಡದ ನೂರು ಪಟ್ಟು ಅದರ ಪೈಪಿನಲ್ಲಿರುತ್ತದೆ. ಈ ನೂರು ಪಟ್ಟಿನ ವಿಷಯವನ್ನು ಅವನು ಹೇಳದೆ ಬಿಟ್ಟ ಮದುವೆ ಮನೆ ತಾಲ್ಲೂಕಿನಲ್ಲಿ ಇಲ್ಲ.

ಮೆಷಿನನ್ನು ಅವನಷ್ಟು ಚೆನ್ನಾಗಿ ನೋಡಿಕೊಳ್ಳುವವರೂ ಇರಲಿಲ್ಲ. ಸಂಜೆ ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸಿ, ಬಣ್ಣ ಹಾರಿಸುವ ಗನ್ನಿನ ಮೂತಿಯನ್ನು ಬಕೆಟ್ಟಿಗೆ ಹಿಡಿದು ಪೈಪಿನಲ್ಲಿ ಉಳಿದ ಒತ್ತಡವನ್ನು ಬಿಡುತ್ತಿದ್ದ. ಆಮೇಲೆ ಬಣ್ಣ ಪೂರ್ತಿ ಹೋಗುವವರೆಗೆ ತೊಳೆಯುತ್ತಿದ್ದ. ಫಿಲ್ಟರ್ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದ. ಪಂಪಿಗೆ ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದ. ಮಕ್ಕಳಿಬ್ಬರು ಚಿಕ್ಕವರಿದ್ದಾಗ ಅವರಿಗೆ ಒಂದು ದಿನವೂ ಸ್ನಾನ ಮಾಡಿಸದ ಮನುಷ್ಯ ಇವನೇನಾ ಎಂದು ಹೆಂಡತಿ ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಬಾಮೈದ ಮುರಳಿಗೂ ಗನ್ ಮುಟ್ಟುವ ಅಧಿಕಾರ ಇರಲಿಲ್ಲ.

ಆ ವರ್ಷದ ಆಯುಧ ಪೂಜೆಗೆ ಚಿನ್ನಸ್ವಾಮಿ ಗಲ್ಲಿಯ ಪೇಂಟರುಗಳನ್ನೆಲ್ಲ ಕರೆದ. ಮನೆ ಮುಂದೆ ಬಾಳೆಕಂದು ನಿಲ್ಲಿಸಿ ಹಗ್ಗದಲ್ಲಿ ಬಿಗಿಸಿದ. ಬರೀ ಹೊಟ್ಟೆಯ ಆಯುಧಕ್ಕೆ ಪೂಜೆ ಮಾಡಬಾರದು ಎಂಬ ಶಾಸ್ತ್ರವೊಂದನ್ನು ಹಿಂದಿನ ದಿನವೇ ಸ್ವಂತವಾಗಿ ಕಂಡುಹಿಡಿದಿದ್ದ. ಹಾಗಾಗಿ ತೊಳೆದಿಟ್ಟ ಮೆಷಿನಿಗೆ ಅರಿಸಿನದ ಬಣ್ಣದ ಎಣ್ಣೆ ಪೇಂಟು ತುಂಬಿಸಿದ. ಮೋಟರಿಗೆ, ಚಕ್ರಕ್ಕೆ, ಪೈಪಿಗೆ ಗಂಧ ಕುಂಕುಮ ಇಟ್ಟ. ಕೊನೆಗೆ ಬಣ್ಣ ಹೊರಬರುವ ನಾಜಲ್ ತೂತಿನ ಮೇಲೆ ದೊಡ್ಡದೊಂದು ಗಂಧದ ಬೊಟ್ಟು ಒತ್ತಿದ. ಬೆಳಗಿನ ಬಿಸಿಲಿಗೆ ಗಂಧ ಒಣಗಿ ಕಲ್ಲಾಯಿತು.

ಮಂಗಳಾರತಿ ಆಯಿತು. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಬೀದಿಗೆ ಅಪ್ಪಳಿಸಿದ್ದಾಯಿತು. ಚಿನ್ನಸ್ವಾಮಿ ಗಂಟಲು ಸರಿಮಾಡಿಕೊಂಡು ಮೆಷಿನ್ ನಿರ್ವಹಣೆಯ ಬಗ್ಗೆ ಎರಡು ಮಾತು ಹೇಳಿದ. ಎರಡು ಮಾತಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕಡೆಗೆ ಶಕುನಕ್ಕೆಂದು ಸ್ವಿಚ್ ಹಾಕಿ, ಬಾಗಿಲ ಪಕ್ಕ ನಿಲ್ಲಿಸಿದ್ದ ಹಲಗೆಯ ಕಡೆ ಗನ್ ಒತ್ತಿದ. ಏನೂ ಬರಲಿಲ್ಲ.

"ಮೆಷಿನ್ನಿಗೂ ಇವತ್ತು ರಜೆ ಕಣಣ್ಣ," ಎಂದ ಗೋವಿಂದರಾಜು. ಅವನು ಎದುರುಮನೆಯ ಪೇಂಟರ್, ಇವತ್ತಿಗೂ ರೋಲರಿನವನು. ನಾಲ್ಕು ಜನ ನಕ್ಕರು.

ಆ ನಗುವೇ ಕೆಟ್ಟದ್ದು ಮಾಡಿದ್ದು. ಚಿನ್ನಸ್ವಾಮಿ ಫಟ್ಟನೆ ಸ್ವಿಚ್ ಆರಿಸಿದ. ಪ್ರತಿ ಸಂಜೆ ತಪ್ಪದೆ ಮಾಡುವ ಕೆಲಸವನ್ನು, ಅಂದರೆ ಒತ್ತಡ ಬಿಡುವುದನ್ನು, ಅಂದು ಬಿಟ್ಟ. ಬಲಗೈಯಲ್ಲಿ ಗನ್ ಹಿಡಿದುಕೊಂಡೇ ಎಡಗೈ ತೋರುಬೆರಳಿನಿಂದ ನಾಜಲ್ ಮೇಲಿನ ಗಂಧ ಕೆರೆದ. ಗಂಧ ಎದ್ದು ಬಂತು. ಬಲಗೈ ಬೆರಳು ಟ್ರಿಗರಿನ ಮೇಲೆ ಬಿಗಿಯಿತು. ಟಪ್ ಎಂದು ಒಂದು ಸದ್ದಾಯಿತು, ಅಷ್ಟೆ.

ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ರಕ್ತವೂ ಸರಿಯಾಗಿ ಬರಲಿಲ್ಲ. ಚಿನ್ನಸ್ವಾಮಿ ಬೆರಳನ್ನು ಪಂಚೆಗೆ ಒರೆಸಿಕೊಂಡು ನಕ್ಕ.

"ಆಯುಧ ಪೂಜೆ ದಿವ್ಸ ಆಯುಧ ಒಂದ್ ತೊಟ್ಟು ರಕ್ತ ಕೇಳ್ತದೆ. ಕೊಟ್ಟಿದ್ದಾಯ್ತು. ಎಲೆ ಹಾಕ್ರಪ್ಪಾ."

ಮುರಳಿ ನಗಲಿಲ್ಲ. ಮೂರು ವರ್ಷದ ಹಿಂದೆ ಹೊಸಕೋಟೆ ಕಡೆ ಒಂದು ಗೋದಾಮಿನಲ್ಲಿ ಇಂಥದೇ ತೂತು ಮಾಡಿಕೊಂಡವನೊಬ್ಬನನ್ನು ಅವನು ಕಣ್ಣಾರೆ ಕಂಡಿದ್ದ. ಆ ಮನುಷ್ಯ ಎರಡು ದಿನ ಮುಲಾಮು ಹಚ್ಚಿಕೊಂಡು ಓಡಾಡಿದ. ಮೂರನೆಯ ದಿನ ಅವನ ಕೈಯನ್ನು ಮೊಣಕೈವರೆಗೆ ತೆಗೆದರು.

"ನಡಿ ಬಾವ, ಆಸ್ಪತ್ರೆಗೆ."

"ಊಟ ಆಗ್ಲಿ ಕಣ್ಲಾ."

"ಊಟಾನೂ ಬೇಡ ಏನೂ ಬೇಡ. ಪೇಂಟು ಒಳಗ್ ಹೋಗ್ಯದೆ. ಬೆರಳಲ್ಲೇ ನಿಲ್ಲಲ್ಲ ಅದು, ಅಂಗೈಗೆ ಇಳೀತದೆ."

"ಲೇ, ಈ ಮೆಷಿನ್ ವಿಷ್ಯ ನನಗ್ ಹೇಳ್ತೀಯಾ?"

ಹೋಗಬಾರದೆಂದೇನೂ ಚಿನ್ನಸ್ವಾಮಿಗೆ ಇರಲಿಲ್ಲ. ಬೆರಳು ಆಗಲೇ ಒಳಗೊಳಗೇ ಜುಂ ಎನ್ನುತ್ತಿತ್ತು, ಉಗುರಿನ ಬುಡ ಬಿಳಿಚಿಕೊಳ್ಳುತ್ತಿತ್ತು. ಆದರೆ ನಿರ್ವಹಣೆಯ ಬಗ್ಗೆ ಮಾತಾಡಿ ಐದು ನಿಮಿಷವಾಗಿಲ್ಲ, ಗೋವಿಂದರಾಜುವಿನ ಮುಂದೆ ಆಸ್ಪತ್ರೆಗೆ ಹೊರಡುವುದು ಹೇಗೆ? ಅದಕ್ಕಿಂತ ಕೈ ಹೋಗುವುದೇ ಮೇಲು ಎಂದು, ಕೈ ಇನ್ನೂ ಇದ್ದಾಗ, ಅವನಿಗೆ ಅನ್ನಿಸಿತು.

ಮುರಳಿ ರಟ್ಟೆ ಹಿಡಿದೆಳೆದ. ಚಿನ್ನಸ್ವಾಮಿ ಅವನ ಕೆನ್ನೆಗೆ ಬಾರಿಸಿದ. ಅಕ್ಕನ ಗಂಡ, ಹಿರಿಯ, ಅನ್ನ ಹಾಕಿದವನು. ಮುರಳಿ ಕೆನ್ನೆ ಒರೆಸಿಕೊಂಡ. ಆಮೇಲೆ ಬಾವನ ಬಾಯಿಗೆ ಮುಷ್ಟಿ ಕಟ್ಟಿ ಗುದ್ದಿದ. ತುಟಿ ಸೀಳಿ ಗಲ್ಲದ ಮೇಲೆ ರಕ್ತ ಇಳಿಯಿತು. ಇಬ್ಬರೂ ತಬ್ಬಿಕೊಂಡು ಕುಂಬಳಕಾಯಿಯ ಚೂರಿನ ಮೇಲೆ ಜಾರಿ ಬಿದ್ದರು. ಕುಂಕುಮದ ನೀರು ಯಾವುದು, ರಕ್ತ ಯಾವುದು ಎಂದು ತಿಳಿಯದಂತಾಯಿತು. ಚಿನ್ನಸ್ವಾಮಿ ಬಾಮೈದನ ಹೊಟ್ಟೆಗೆ ಮೊಣಕಾಲು ಹಾಕಿದ, ಮುಂಗೈಯನ್ನು ಮಾಂಸ ಬರುವ ಹಾಗೆ ಕಚ್ಚಿದ. ಮುರಳಿ ಅವನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದ. ಬಿಡಿಸಲು ಬಂದ ಗೋವಿಂದರಾಜುವಿಗೆ ಎರಡೂ ಕಡೆಯಿಂದ ಬಿತ್ತು. ಅವನು ದೂರ ನಿಂತು ನೋಡುವುದೇ ಕ್ಷೇಮ ಎಂದು ತೀರ್ಮಾನಿಸಿದ.

ಆದಿಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದೇ ಓಡಿ ಬಂದಳು.

"ಏನೋ ಮುರಳಿ, ಕೈ ಹೋಗ್ತದೇನೋ?"

"ಹೋಗ್ತದಕ್ಕ. ಸಾಯಂಕಾಲ ಆದ್ರೆ ಹೋಗ್ತದೆ."

"ಹಂಗಾದ್ರೆ ಹೊಡಿ," ಎಂದಳು. ತಾನೂ ಹಿತ್ತಾಳೆ ತಟ್ಟೆಯಿಂದ ಗಂಡನ ನೆತ್ತಿಗೆ ಒಂದು ಕೊಟ್ಟಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದು ಮೊದಲನೆಯದು, ಆದರೆ ಅವಳ ಕೈ ಆ ಕೆಲಸಕ್ಕೆ ಹೊಸದೆನ್ನಿಸಲಿಲ್ಲ. ಚಿನ್ನಸ್ವಾಮಿ ಹೊಡೆತಕ್ಕಿಂತ ಆಶ್ಚರ್ಯಕ್ಕೇ ಮೆತ್ತಗಾದ. ಬಾಳೆಕಂದಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಅವನ ಬಲಗೈಯನ್ನು ಸೊಂಟಕ್ಕೆ ಬಿಗಿದು, ಕಾಲು ಕಟ್ಟಿ, ಮೆಷಿನ್ ಸಾಗಿಸುವ ಗೂಡ್ಸ್ ಆಟೋದ ಹಿಂದೆ ಹಾಕಿದರು. ಆಟೋಗೂ ಅಂದು ಪೂಜೆಯಾಗಿತ್ತು. ಹೂವಿನ ಹಾರ ಅಲ್ಲಾಡಿಸುತ್ತ ಅದು ದೇವನಹಳ್ಳಿ ಕಡೆ ಓಡಿತು. ಪೊಲೀಸರಿಗೆ ಹೇಳಿ ಇಬ್ಬರನ್ನೂ ಜೈಲಿಗೆ ಹಾಕಿಸುತ್ತೇನೆ ಎಂದು ಚಿನ್ನಸ್ವಾಮಿ ದಾರಿಯುದ್ದಕ್ಕೂ ಬೈದ. ಅರ್ಧ ದಾರಿಯಲ್ಲಿ ಬೈಗುಳ ನಿಂತಿತು. ಅಂಗೈ ಊದಿ ಬಿಗಿಯುತ್ತಿತ್ತು.

ದೇವನಹಳ್ಳಿಯಲ್ಲಿ ಬೆರಳು ನೋಡಿದ ಡಾಕ್ಟರು ಮುಟ್ಟಲೂ ಇಲ್ಲ. ಕೂಡಲೇ ಬೆಂಗಳೂರಿಗೆ ಓಡಿ ಎಂದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಂಕುಳಿಗೆ ಇಂಜೆಕ್ಷನ್ ಕೊಟ್ಟು ಕೈ ಮರಗಟ್ಟಿಸಿದರು. ನೋಡಬೇಡಿ ಎಂದರೂ ಚಿನ್ನಸ್ವಾಮಿ ನೋಡಿದ. ಬೆರಳ ತುದಿಯಿಂದ ಅಂಗೈ ನಡುವಿನವರೆಗೆ ಹಲಸಿನ ಹಣ್ಣಿನ ಹಾಗೆ ಬಿಡಿಸಿಟ್ಟಿದ್ದರು. ಒಳಗೆ ಮಾಂಸದ ಎಳೆ ಎಳೆಯ ನಡುವೆ, ನರದ ಗುಂಟ, ಅರಿಸಿನದ ಬಣ್ಣ. ಅವನು ಜೀವಮಾನದಲ್ಲಿ ಬಳಿದ ಯಾವ ಗೇಟೂ ಅಷ್ಟು ಸಮವಾಗಿ ಬಂದಿರಲಿಲ್ಲ. ಡಾಕ್ಟರು ಎರಡು ಗಂಟೆ ಕೆರೆದರು, ತೊಳೆದರು, ಮತ್ತೆ ಕೆರೆದರು. ಮೂರನೆಯ ದಿನ ಇನ್ನೊಂದು ಸಲ ಬಿಚ್ಚಿ, ಕಪ್ಪಾಗಿದ್ದ ತೋರುಬೆರಳನ್ನು ನಡುಗೆಣ್ಣಿಗೆ ಕತ್ತರಿಸಿದರು.

"ಕೈ ಉಳೀತು," ಎಂದರು. "ನಾಲ್ಕೈದು ಗಂಟೆ ತಡ ಮಾಡಿದ್ರೆ ನಾನು ಈ ಮಾತು ಹೇಳ್ತಿರ್ಲಿಲ್ಲ."

ಆದರೆ ಸೀಳಿದ ತುಟಿ, ತಲೆಯ ಬುಗುಟು, ಮಣಿಕಟ್ಟಿನ ಹಗ್ಗದ ಗುರುತು ಇವಕ್ಕೆಲ್ಲ ಬೆರಳು ಕಾರಣವಾಗಲಾರದು ಎಂದು ಆಸ್ಪತ್ರೆಯವರು ಮೊದಲ ದಿನವೇ ಪೊಲೀಸರಿಗೆ ತಿಳಿಸಿದ್ದರು. ಬೆರಳು ಕತ್ತರಿಸಿದ ಮರುದಿನ ದೇವರಾಜ್ ಎಂಬ ಹೆಡ್ ಕಾನ್‌ಸ್ಟೆಬಲ್ ಪುಸ್ತಕ ಹಿಡಿದು ಬಂದು ಮಂಚದ ಪಕ್ಕ ಕೂತ. ಬಾಗಿಲಲ್ಲಿ ಮುಂಗೈಗೆ ಬ್ಯಾಂಡೇಜು ಸುತ್ತಿಕೊಂಡ ಮುರಳಿ ನಿಂತಿದ್ದ. ಅವನ ಹಿಂದೆ ಆದಿಲಕ್ಷ್ಮಮ್ಮ. ಅವರ ಹಿಂದೆ, ನೋಡಿಕೊಂಡು ಹೋಗಲು ಬಂದ ಗೋವಿಂದರಾಜು.

"ಯಾರಪ್ಪಾ ಹೊಡ್ದಿದ್ದು?"

ಹೆಸರು ಚಿನ್ನಸ್ವಾಮಿಯ ನಾಲಿಗೆಯ ತುದಿಯಲ್ಲಿತ್ತು. ಮೂರು ದಿನದಿಂದ ಅದನ್ನೇ ಮಸೆದಿಟ್ಟುಕೊಂಡಿದ್ದ. ಹೇಳಿದರೆ ಕೇಸು. ಮೆಟ್ಟಿಲಿಂದ ಬಿದ್ದೆ ಎಂದರೆ ಮಾನ ಉಳಿಯುತ್ತದೆ. ಗೋವಿಂದರಾಜು ಕತ್ತು ಮುಂದೆ ಚಾಚಿದ್ದ.

"ಬೇಕಾದೋರೇ ಸಾರ್."

"ಬೇಕಾದೋರು ಯಾಕ್ ಹಿಂಗ್ ಹೊಡೀತಾರೆ?"

ಚಿನ್ನಸ್ವಾಮಿ ಬ್ಯಾಂಡೇಜಿನ ಕೈಯನ್ನು ನೋಡಿದ. ಅದರಲ್ಲಿ ನಾಲ್ಕು ಬೆರಳು ಸರಿಯಾಗಿ ಅಲ್ಲಾಡಿದವು.

"ಪ್ರೆಷರ್ ಬಿಡದೆ ನಾಜಲ್‌ಗೆ ಬೆರಳಿಟ್ಟೆ ಸಾರ್. ತಪ್ಪು ನಂದು. ಆಸ್ಪತ್ರೆಗೆ ಬರಲ್ಲ ಅಂದೆ. ಮೊದ್ಲು ಕೈ ಮಾಡಿದ್ದೂ ನಾನೇ."

"ಹಿಂಗೇ ಬರ್ಕೊಳ್ಲಾ?"

"ಬರ್ಕೊಳ್ಳಿ."

ಕಾನ್‌ಸ್ಟೆಬಲ್ ಬರೆದುಕೊಂಡು, ರುಜು ಹಾಕಿಸಿಕೊಂಡು ಎದ್ದುಹೋದ. ಗೋವಿಂದರಾಜು ಆದಿಲಕ್ಷ್ಮಮ್ಮನ ಮುಖ ನೋಡಿ, ಚಾಚಿದ್ದ ಕತ್ತನ್ನು ಹಿಂದೆಳೆದುಕೊಂಡ. ಮುರಳಿ ಒಳಗೆ ಬಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಬಾವನ ಬಲಗೈಗೆ ಕೊಟ್ಟ. ಚಿನ್ನಸ್ವಾಮಿ ಒಡೆದ ತುಟಿಗೆ ತಾಗದಂತೆ ಎತ್ತಿ ಕುಡಿದ.