ಗಾಳಿಯಣ್ಣ ಮತ್ತು ನಾಲ್ಕನೆಯ ಸದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಲು ಹೊರಟಿರುವುದು ನನ್ನ ತಮ್ಮನ ಕತೆಯಾದರೂ ನಡುವೆ ನನ್ನ ತಪ್ಪೊಂದು ಅಡ್ಡ ಬರುತ್ತದೆ. ರಿಪೇರಿಗೆ ಬಂದ ಕಾರೊಂದರ ಜಾಬ್ ಕಾರ್ಡಿನ ಮೇಲೆ ನಾನು ಎಳೆದ ಒಂದು ಗೀಟಿನಿಂದ, ತೀರಿಹೋದ ಮಗಳ ನೆನಪಿಗೆಂದು ಒಬ್ಬ ತಾಯಿಗೆ ಉಳಿದಿದ್ದ ಒಂದೇ ಒಂದು ಸದ್ದು ಇಲ್ಲದಂತಾಯಿತು. ಅದನ್ನು ವಾಪಸ್ ತರಲು ನನ್ನ ತಮ್ಮ ಹೊರಟ.

ತಮ್ಮನಿಗೆ ಈಗ ಐವತ್ತೆರಡು. ಕಾರುಗಳ ಟರ್ಬೋ ರಿಪೇರಿ ಅವನ ಕೆಲಸ. ಬೀದಿಯವರೆಲ್ಲ ಅವನನ್ನು ಗಾಳಿಯಣ್ಣ ಎನ್ನುತ್ತಾರೆ. ಚಿಕ್ಕವನಿದ್ದಾಗಲೇ ಅವನಿಗೆ ಗಾಳಿಯ ಹುಚ್ಚು. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು ಪಂಪು ಹೊಡೆಯುತ್ತಿದ್ದ. ಗಾಳಿ ಬೆರಳ ಸಂದಿಯಿಂದ ನುಸುಳಿ ಕೀಂಯ್ ಎಂದರೆ ಅವನ ಮುಖ ಊರಗಲ ಆಗುತ್ತಿತ್ತು. ಅಮ್ಮ ಪಂಪನ್ನು ಬಚ್ಚಿಟ್ಟರೆ ಬಲೂನು ಹಿಡಿದು ಕೂರುತ್ತಿದ್ದ. ಓದು ತಲೆಗೆ ಹತ್ತಲಿಲ್ಲ. ಪಂಕ್ಚರ್ ಅಂಗಡಿಯಲ್ಲಿ ನಾಲ್ಕು ವರ್ಷ, ಲಾರಿ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕಳೆದು, ಕೊನೆಗೆ ಸ್ವಂತ ಶೆಡ್ಡು ಹಾಕಿದ. ಎರಡು ಕಾರು ನಿಲ್ಲುವ ಜಾಗ, ತಗಡಿನ ಸೂರು, ಮೂಲೆಯಲ್ಲೊಂದು ಗಾಜಿನ ಕ್ಯಾಬಿನ್ನು. ನಾನು ಗಂಡನ ಮನೆ ಬಿಟ್ಟು ಬಂದ ವರ್ಷ ಆ ಕ್ಯಾಬಿನ್ನಿನಲ್ಲಿ ಒಂದು ಕುರ್ಚಿ ಹಾಕಿದ. "ಅಕ್ಕಾ, ನನಗೆ ಗಿರಾಕಿಗಳ ಹತ್ರ ಮಾತಾಡೋಕೆ ಬರಲ್ಲ. ನಿನ್ನ ಬಾಯಿ ನನಗೆ ಬೇಕು" ಎಂದ. ನನ್ನ ಬಾಯಿ ಬೇಕು ಎಂದು ಕೇಳಿದ ಮೊದಲನೆಯ ಮನುಷ್ಯ ಅವನೇ. ಅಲ್ಲಿಯವರೆಗೆ ಎಲ್ಲರೂ ಮುಚ್ಚು ಎಂದವರೇ.

ಅವನ ಪದ್ಧತಿಯೊಂದಿದೆ. ಯಾರೇ ಗಾಡಿ ತರಲಿ, ಅದು ಮಾಡುವ ಸದ್ದನ್ನು ಅವರೇ ಬಾಯಲ್ಲಿ ಮಾಡಿ ತೋರಿಸಬೇಕು. ಅದಾಗುವವರೆಗೆ ಇವನು ಬಾನೆಟ್ ಎತ್ತುವುದಿಲ್ಲ. ಜಾಬ್ ಕಾರ್ಡಿನಲ್ಲಿ ಅದಕ್ಕೆಂದೇ "ಸದ್ದು" ಅನ್ನುವ ಕಾಲಂ ಇದೆ, ಕೇಳಿದ್ದನ್ನು ಅಕ್ಷರದಲ್ಲಿ ಬರೆಯುವುದು ನನ್ನ ಕೆಲಸ. ಒಮ್ಮೆ ಬ್ಯಾಂಕ್ ಮ್ಯಾನೇಜರ್ ಒಬ್ಬರು ಟೈ ಕಟ್ಟಿಕೊಂಡು ಬಂದಿದ್ದರು. ಆ ಕಡೆ ಈ ಕಡೆ ನೋಡಿ, ಕೆಂಪಗಾಗಿ, "ಸ್... ಸ್..." ಎಂದು ನಿಲ್ಲಿಸಿದರು.

"ಸಾರ್, ನಾಚ್ಕೋಬೇಡಿ. ಜೋರಾಗಿ ಮಾಡಿ, ಇಲ್ಲಿ ಎಲ್ರೂ ಮಾಡಿದ್ದಾರೆ" ಎಂದೆ.

ಪಾಪ, ಕಣ್ಣು ಮುಚ್ಚಿಕೊಂಡು ಮಾಡಿದರು.

ಸದ್ದಿನಲ್ಲಿ ಏನಿದೆ ಅಂತೀರಾ? ತಮ್ಮ ನನಗೆ ಬಿಡಿಸಿ ಹೇಳಿದ್ದನ್ನೇ ಹೇಳುತ್ತೇನೆ. ಟರ್ಬೋ ಅಂದರೆ ಒಂದೇ ಕಡ್ಡಿಗೆ ಸಿಕ್ಕಿಸಿದ ಎರಡು ಪುಟ್ಟ ಚಕ್ರ. ಇಂಜಿನ್ನಿನ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಇಂಜಿನ್ನಿನ ಬಾಗಿಲು ಮುಚ್ಚುತ್ತದೆ. ಅಷ್ಟು ಹೊತ್ತು ಒತ್ತಿಕೊಂಡು ಬಂದ ಗಾಳಿ ಆಗ ಎಲ್ಲಿಗೆ ಹೋಗಬೇಕು? ಅದಕ್ಕೆಂದೇ ಒಂದು ಕಿಟಕಿ ಇಟ್ಟಿದ್ದಾರೆ, ಅದೇ ಬ್ಲೋ-ಆಫ್ ವಾಲ್ವ್. ಅದು ತೆರೆದರೆ "ಪ್ಶ್ಶ್" ಎಂದು ಗಾಳಿ ಹೊರಗೆ ಹೋಗುತ್ತದೆ, ಮುಗಿಯಿತು. ತೆರೆಯದಿದ್ದರೆ ಗಾಳಿ ಬಂದ ದಾರಿಯಲ್ಲೇ ಹಿಂದಿರುಗಿ, ತಿರುಗುತ್ತಿರುವ ಚಕ್ರಕ್ಕೇ ಬಡಿಯುತ್ತದೆ. ಪಾರಿವಾಳ ರೆಕ್ಕೆ ಬಡಿದ ಹಾಗೆ "ಚು-ಚು-ಚು-ಚು" ಎನ್ನುತ್ತದೆ. ಅದನ್ನು ಫ್ಲಟರ್ ಎನ್ನುತ್ತಾರೆ. ಹುಡುಗರಿಗೆ ಆ ಸದ್ದೆಂದರೆ ಪ್ರಾಣ. ಬೇಕಂತಲೇ ವಾಲ್ವ್ ಮುಚ್ಚಿಸಿಕೊಂಡು ಬೀದಿ ಬೀದಿ ಸುತ್ತುತ್ತಾರೆ. ಅಷ್ಟೂ ಏಟು ಬೀಳುವುದು ಚಕ್ರದ ಬೇರಿಂಗಿಗೆ.

ವಾಲ್ವ್ ಮುಚ್ಚಿಕೊಡಿ ಎಂದು ಬಂದವರಿಗೆ ತಮ್ಮ ಕೈ ಮುಗಿದು ಕಳಿಸುತ್ತಾನೆ. "ಗೊತ್ತಿದ್ದೂ ತಪ್ಪಿಟ್ಟು ಗಾಡಿ ಆಚೆ ಕಳ್ಸಲ್ಲ" ಅನ್ನುವುದು ಅವನ ಒಂದೇ ಮಾತು. ಅವನು ಕೈ ಮುಗಿದರೆ, ಉಳಿದ ಬೈಗುಳ ನನ್ನದು.

ಆವತ್ತು ಬೆಳಿಗ್ಗೆಯಿಂದ ಅಂಥ ಮೂರು ಜನ ಬಂದು ನನ್ನ ತಲೆ ತಿಂದು ಹೋಗಿದ್ದರು. ನಾಲ್ಕನೆಯವಳಾಗಿ ಒಂದು ಹುಡುಗಿ ಬಂದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಚಿಕ್ಕ ಕೆಂಪು ಕಾರು, ಹಿಂದೆ ನೀಲಿ ಹೊಗೆ. ಎಳೆಯುತ್ತಿಲ್ಲ, ಆಯಿಲ್ ಕುಡಿಯುತ್ತಿದೆ ಎಂದಳು. ಸದ್ದು ಮಾಡು ಎಂದರೆ ನಾಚದೆ "ಚು-ಚು-ಚು-ಚು" ಎಂದು ಮಾಡಿ, "ಎಲ್ಲಾ ಸರಿ ಮಾಡಿ ಆಂಟಿ, ಈ ಸದ್ದು ಮಾತ್ರ ಹಾಗೇ ಇರ್ಲಿ" ಎಂದಳು.

ಕೈ ಅಭ್ಯಾಸದಿಂದ "ಸದ್ದು ಹಾಗೇ ಇರಲಿ" ಎಂದು ಬರೆದುಬಿಟ್ಟೆ. ಬರೆದದ್ದನ್ನು ಓದಿದ ಮೇಲೆ ಮೈ ಉರಿಯಿತು.

"ಕಾರು ರಿಪೇರಿಗೆ ತಂದಿದ್ದೀಯೋ, ಪೀಪಿ ಊದಿಸೋಕೆ ತಂದಿದ್ದೀಯೋ? ಟರ್ಬೋ ಹೋಗಿರೋದೇ ಆ ಸದ್ದಿನಿಂದ. ಇನ್ನೂ ಬೇಕಂತೆ!" ಎಂದು ಅವಳ ಕಣ್ಣೆದುರೇ ಗೀಟು ಹೊಡೆದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಬಂತು, ನಾನು ಆ ಕಡೆ ತಿರುಗಿದೆ. ಮಾತು ಮುಗಿಸಿ ನೋಡಿದರೆ ಹುಡುಗಿ ಕೀ ಇಟ್ಟು ಹೋಗಿದ್ದಳು.

ಸಂಜೆ ತಮ್ಮ ಕಾರ್ಡು ಹಿಡಿದು ಬಂದ. "ಅಕ್ಕಾ, ಇಲ್ಲೇನೋ ಗೀಟು ಹೊಡ್ದಿದ್ದೀಯಲ್ಲ?"

"ಅದೇನಿಲ್ಲ ಹೋಗೋ. ಅದೇ ಹಳೇ ಹುಚ್ಚು."

ನಾನು ಹೇಳಿದ್ದನ್ನು ಅವನು ನಂಬುತ್ತಾನೆ, ಅದೇ ಅವನ ದೊಡ್ಡ ದೋಷ. ಬೇರಿಂಗ್ ಬದಲಿಸಿದ, ಚಕ್ರದ ತೂಕ ಸರಿದೂಗಿಸಿದ. ವಾಲ್ವ್ ತೆರೆಯದ ಹಾಗೆ, ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪಿನೊಳಗೆ ಯಾರೋ ಬಿರಡೆ ಹಾಕಿದ್ದರು. ಎಳೆದು ನೋಡಿದರೆ ಮುರಿದ ಹೊಲಿಗೆ ಮಷೀನಿನ ಸೂಜಿ! ಪೈಪಿಗೆ ಬಿಗಿಯಾಗಿ ಕೂರುವಷ್ಟು ದಪ್ಪಕ್ಕೆ ಅದರ ಸುತ್ತ ಕೆಂಪು ದಾರ ಒತ್ತೊತ್ತಾಗಿ ಸುತ್ತಿತ್ತು. ಅಷ್ಟು ನೀಟಾದ ತಪ್ಪನ್ನು ಅವನು ನೋಡಿಯೇ ಇರಲಿಲ್ಲವಂತೆ. ಎಸೆಯಲು ಮನಸ್ಸಾಗದೆ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ. ಮರುದಿನ ಕಾರು ಪ್ಶ್ಶ್ ಎನ್ನುತ್ತಾ ಸರಿಯಾಗಿ ಹೋಯಿತು.

ನಾಲ್ಕು ದಿನದ ಮೇಲೆ ಆ ಹುಡುಗಿ ಕಾರಿಲ್ಲದೆ ನಡೆದುಕೊಂಡು ಬಂದಳು. ಜಗಳಕ್ಕೆ ಬಂದಳು ಎಂದುಕೊಂಡು ನಾನೂ ಸೊಂಟ ಕಟ್ಟಿದೆ. ಅವಳು ಜಗಳವಾಡಲಿಲ್ಲ.

"ಆಂಟಿ, ಅದು ನನ್ನ ಕಾರಲ್ಲ. ಅಕ್ಕಂದು. ಅಕ್ಕ ಹೋಗಿ ಹನ್ನೊಂದು ತಿಂಗಳಾಯ್ತು. ಜ್ವರ ಅಂತ ಮಲಗಿದವಳು ಏಳ್ಲೇ ಇಲ್ಲ" ಎಂದಳು.

ನಾನು ಪೆನ್ನು ಕೆಳಗಿಟ್ಟೆ.

ಅವಳ ಅಮ್ಮ ಟೈಲರು, ಮೂರನೇ ಮಹಡಿಯ ಮನೆ, ಮೋಟಾರಿನ ಮಷೀನು. ಆ ಸದ್ದಿನಲ್ಲಿ ಬಾಗಿಲ ಗಂಟೆಯೂ ಕೇಳುವುದಿಲ್ಲ, ಹೊತ್ತು ಹೋದದ್ದೂ ತಿಳಿಯುವುದಿಲ್ಲ. ಬಗ್ಗಿ ಬಗ್ಗಿ ಅಮ್ಮನ ಬೆನ್ನು ಹೋಗುತ್ತಿದೆ ಎಂದು ದೊಡ್ಡ ಮಗಳು ಉಪಾಯ ಹುಡುಕಿದ್ದಳು. ಸಂಜೆ ಕೆಲಸದಿಂದ ಬರುವಾಗ ಬೀದಿಯ ತಿರುವಿನಲ್ಲಿ ಕಾಲು ತೆಗೆದರೆ ಚು-ಚು-ಚು-ಚು. ಆ ಸದ್ದು ಮಾತ್ರ ಮಷೀನನ್ನು ದಾಟಿ ಅಮ್ಮನ ಕಿವಿಗೆ ಬೀಳುತ್ತಿತ್ತು. ಅದು ಕೇಳಿದರೆ ಅವತ್ತಿನ ಹೊಲಿಗೆ ಬಂದ್ ಎಂದು ತಾಯಿ ಮಗಳ ನಡುವೆ ಮಾತಾಗಿತ್ತು.

"ಅಕ್ಕ ಹೋದ್ಮೇಲೆ ನಾನು ಓಡಿಸ್ಕೊಂಡು ಬರ್ತಿದ್ದೆ. ಅದೇ ಸದ್ದಿಗೆ ಅಮ್ಮ ಮಷೀನ್ ನಿಲ್ಲಿಸೋರು. ಈಗ ಮೂರು ದಿನದಿಂದ ಹೊಲೀತಾನೇ ಇದ್ದಾರೆ. ನಾನು ಒಳಗೆ ಹೋಗಿ ಹೆಗಲು ಮುಟ್ಟಿದ್ರೆ, ಬೆಚ್ಚಿಬಿದ್ದು 'ಓ, ನೀನಾ' ಅಂತಾರೆ."

ಅಯ್ಯೋ ದೇವರೇ! ನನ್ನ ಈ ಸುಡುಗಾಡು ಕೋಪಕ್ಕಿಷ್ಟು! ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ. ತಮ್ಮನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವನು ಎರಡು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೈ ಒರೆಸಿಕೊಳ್ಳುತ್ತಾ ನಿಂತ.

"ಗೀಟು ನೀನು ಹೊಡ್ದೆ. ಸೂಜಿಗೆ ದಾರ ಸುತ್ತಿರೋದು ನೋಡಿದ್ಮೇಲೂ ಯಾರು, ಯಾಕೆ ಅಂತ ಕೇಳದೇ ಇದ್ದೋನು ನಾನು" ಎಂದ. ಸ್ಪ್ರಿಂಗು, ವಾಷರುಗಳ ಡಬ್ಬಿ ತೆಗೆದುಕೊಂಡ. ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಆ ಮಧ್ಯಾಹ್ನವೇ ಹೊರಟೆವು.

ಟೈಲರಮ್ಮನ ಕೋಣೆಯ ತುಂಬ ಬಟ್ಟೆಯ ಚೂರು. ಕಿಟಕಿಯ ಪಕ್ಕ ಮಷೀನು, ಮೊಳೆಗೆ ತೂಗುಹಾಕಿದ ಅರ್ಧ ಹೊಲಿದ ಕೋಟು. ಆಕೆ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿದ್ದರು. ನಾನು ಕ್ಷಮೆ ಕೇಳಲು ಶುರುಮಾಡಿದೆ. ಆಕೆ ಸುಮ್ಮನಿರಿ ಎನ್ನುವಂತೆ ಕೈ ಆಡಿಸಿದರು. ತಮ್ಮ ಬಾಗಿಲಲ್ಲೇ ನಿಂತು, ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆಯೇ ಆಕೆಯನ್ನೂ ಕೇಳಿದ.

"ತಾಯೀ, ಆ ಸದ್ದು ಹೇಗಿತ್ತು? ಬಾಯಲ್ಲಿ ಮಾಡಿ ತೋರಿಸ್ತೀರಾ?"

ಆಕೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಪಿನ್‌ಮೆತ್ತೆಗೆ ಚುಚ್ಚಿದರು. ಆಮೇಲೆ ಮಾಡಿದರು. ನಾಲ್ಕು ಸಲ, ನಾಲ್ಕನೆಯದು ಸ್ವಲ್ಪ ತಡವಾಗಿ, ಮೆತ್ತಗೆ. ಇಷ್ಟು ವರ್ಷದಲ್ಲಿ ನೂರಾರು ಜನರ ಬಾಯಲ್ಲಿ ಆ ಸದ್ದು ಕೇಳಿದ್ದೇನೆ. ಯಾರೂ ಅದನ್ನು ಹಾಗೆ ಮಾಡಿರಲಿಲ್ಲ.

ತಮ್ಮ ಕೆಳಗಿಳಿದು ಹೋದ. ಅವನ ಲೆಕ್ಕಾಚಾರ ಹೀಗಿತ್ತು: ಬಿರಡೆ ಹಾಕದೆ, ವಾಲ್ವಿನ ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟು ಬಿಗಿ ಮಾಡುವುದು. ಆಗ ನಿಧಾನವಾಗಿ ಬಂದು ತಿರುವಿನಲ್ಲಿ ಕಾಲು ತೆಗೆದಾಗ ಕಿಟಕಿ ತೆರೆಯುವುದು ತಡವಾಗುತ್ತದೆ, ಸದ್ದು ಬರುತ್ತದೆ. ಜೋರಾಗಿ ಹೋಗುವಾಗ ಪೂರ್ತಿ ತೆರೆಯುತ್ತದೆ, ಚಕ್ರಕ್ಕೆ ದೊಡ್ಡ ಏಟು ಬೀಳುವುದಿಲ್ಲ. ಹುಡುಗಿ ಓಡಿಸುವುದು, ಇವನು ಬೀದಿಯ ತುದಿಯಲ್ಲಿ ನಿಂತು ವಾಷರ್ ಬದಲಿಸುವುದು, ನಾನು ಮೇಲೆ ಫೋನು ಹಿಡಿದು ಕೂರುವುದು ಎಂದಾಯಿತು.

"ಹೊಲೀತಾ ಇದ್ರೇನೇ ನನಗೆ ಗೊತ್ತಾಗೋದು" ಎಂದು ಟೈಲರಮ್ಮ ಮಷೀನು ಹಾಕಿದರು.

ಮೊದಲನೆಯ ಸಲ ಕಾರು ಬಂದದ್ದೇ ಗೊತ್ತಾಗಲಿಲ್ಲ. ಎರಡನೆಯ ಸಲ ಒಂದೇ ಒಂದು ಚು. ಆಕೆ ಬಟ್ಟೆಯಿಂದ ಕಣ್ಣೆತ್ತದೆ ತಲೆಯಾಡಿಸಿದರು. ಮೂರನೆಯದಕ್ಕೆ, "ಯಾರೋ ಕೆಮ್ಮಿದ ಹಾಗಿದೆ" ಎಂದರು. ನಾನು ಅದನ್ನೇ ಫೋನಿನಲ್ಲಿ ಹೇಳಿದೆ. "ಸರಿ, ಇನ್ನೊಂದು ವಾಷರ್" ಎಂದು ತಮ್ಮ ಫೋನು ಇಟ್ಟ. ನಾಲ್ಕನೆಯದೂ ಹಾಳಾಯಿತು. ಆಕೆಯ ಬೆನ್ನು ನೋಡುತ್ತಾ ಕೂತಿದ್ದೆ. ನಿಜಕ್ಕೂ ಬಿಲ್ಲಿನಂತೆ ಬಗ್ಗಿಹೋಗಿತ್ತು.

ಐದನೆಯ ಸಲ ತಿರುವಿನಿಂದ ಸದ್ದು ಬಂತು. ಚು-ಚು-ಚು.

ಆಕೆಯ ಕಾಲು ತಾನಾಗಿ ಪೆಡಲಿನಿಂದ ಮೇಲೆದ್ದಿತು. ಮಷೀನು ನಿಂತಿತು. ಕೋಣೆ ಒಮ್ಮೆಲೇ ಎಷ್ಟು ಸುಮ್ಮನಾಯಿತೆಂದರೆ ಗೋಡೆಯ ಗಡಿಯಾರ ಕೇಳಿಸಿತು. ನಾನು ಸಂತೋಷದಿಂದ ಕೂಗಬೇಕು, ಅಷ್ಟರಲ್ಲಿ ಆಕೆ ಬೆರಳು ಮಡಿಸಿ ಎಣಿಸಿದರು.

"ಮೂರು" ಎಂದರು. "ಅವಳದು ನಾಲ್ಕು."

ತಮ್ಮ ಮೇಲೆ ಬಂದ. ಹಿಂದೆಯೇ ಹುಡುಗಿ ಬಂದು, ಕೀ ಹಿಡಿದುಕೊಂಡು ಬಾಗಿಲಾಚೆ ನಿಂತಳು. ತಮ್ಮ ಬೆಂಕಿಪೊಟ್ಟಣ ತೆರೆದು ಸೂಜಿಯನ್ನು ಮಷೀನಿನ ಮೇಲಿಟ್ಟ.

"ನಾಲ್ಕನೇದು ಸ್ಪ್ರಿಂಗಿನಿಂದ ಬರಲ್ಲ ತಾಯೀ. ಇದನ್ನ ವಾಪಸ್ ಹಾಕಿದ್ರೆ ಬರುತ್ತೆ. ಆದ್ರೆ ಒಂದೆರಡು ವರ್ಷಕ್ಕೆ ಟರ್ಬೋ ಮತ್ತೆ ಹೋಗ್ಬಹುದು." ಖಾಲಿ ಬೆಂಕಿಪೊಟ್ಟಣ ಮುಚ್ಚಿದ. "ನೀವು ಹಾಕು ಅಂದ್ರೆ, ನಾನು ಹಾಕ್ತೀನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ತಪ್ಪಿಟ್ಟು ಗಾಡಿ ಕಳಿಸಲ್ಲ ಎಂದು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಮಾತನ್ನು ಅವನು ಆಕೆಯ ಮುಂದೆ ಇಟ್ಟುಬಿಟ್ಟಿದ್ದ.

ಆಕೆ ಸೂಜಿಯನ್ನು ಬೆಳಕಿಗೆ ಹಿಡಿದರು. "ಹದಿನಾರನೇ ನಂಬರು. ಮುರಿದ ಸೂಜಿ ಡಬ್ಬಿಗೆ ಕೈ ಹಾಕ್ತಿದ್ಲು. ಯಾಕೆ ಅಂದ್ರೆ ನಗೋಳು, ಕಳ್ಳಿ." ದಾರದ ಸುತ್ತುಗಳ ಮೇಲೆ ಉಗುರಾಡಿಸಿದರು. ಆಮೇಲೆ ಬಾಗಿಲ ಕಡೆ ನೋಡಿದರು.

"ಈಗ ತಿರುವಿನಲ್ಲಿ ಬಂದಿದ್ದು ನೀನಾ?"

"ಹೂಂ, ಅಮ್ಮಾ."

"ಹನ್ನೊಂದು ತಿಂಗಳಿಂದ್ಲೂ ನೀನೇ ಅಲ್ವಾ ಬರ್ತಿದ್ದಿದ್ದು?" ಎಂದರು. "ನಾನು ಒಂದು ದಿನಾನೂ ನಿನಗೋಸ್ಕರ ಮಷೀನ್ ನಿಲ್ಲಿಸ್ಲಿಲ್ಲ."

ಹುಡುಗಿ ಕೆನ್ನೆ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಟೈಲರಮ್ಮ ಸೂಜಿಯನ್ನು ಪಿನ್‌ಮೆತ್ತೆಗೆ, ಉಳಿದವುಗಳ ನಡುವೆ ಚುಚ್ಚಿಕೊಂಡರು.

"ಬೇಡಪ್ಪಾ, ಹಾಕ್ಬೇಡ. ನಾಲ್ಕು ಅವಳದು, ಅದು ನನ್ನ ಹತ್ರ ಇರ್ಲಿ. ಮೂರು ಇವಳದು" ಎಂದು ತಮ್ಮನಿಗೆ ಹೇಳಿ, ಬೆನ್ನು ನೆಟ್ಟಗೆ ಮಾಡಿ ಎದ್ದರು. "ಏನೇ, ಅಲ್ಲೇ ಯಾಕೆ ನಿಂತೆ ನೆಂಟರ ಹಾಗೆ? ನೀನು ಬಂದೆ ಅಂತ ಕೇಳಿಸ್ತು. ಬಾ ಒಳಗೆ."

ಶೆಡ್ಡಿಗೆ ಬಂದ ಮೇಲೆ ಆ ಕಾರ್ಡು ತೆಗೆದೆ. ನಾನು ಗೀಟು ಹೊಡೆದ ಸಾಲಿನ ಕೆಳಗೆ "ಚು-ಚು-ಚು. ಮೂರು. ಹಾಗೇ ಇರಲಿ" ಎಂದು ಬರೆದು ತಮ್ಮನ ಮುಂದಿಟ್ಟೆ. ಕೆಲಸ ಸರಿಯಾಗಿದೆ ಎಂದು ಅವನು ರುಜು ಹಾಕುವ ಜಾಗ ಕೆಳಗಿತ್ತು. ಅವನು ಓದಿದ, ಬಾಯಲ್ಲಿ ಒಮ್ಮೆ ಮೆಲ್ಲಗೆ ಮಾಡಿ ನೋಡಿದ, ರುಜು ಹಾಕಿದ.