ತಿದ್ದದೆ ಬಿಟ್ಟ ಮಾತು

ಅತ್ತೆಯ ಬಾಯಲ್ಲಿ ಹಿರಿಸೊಸೆ ದೊಡ್ಡವಳು, ಕಿರಿಸೊಸೆ ಚಿಕ್ಕವಳು. ಓರಗಿತ್ತಿಯರಿಬ್ಬರೂ ಒಂದೇ ಆಸ್ಪತ್ರೆಯಲ್ಲಿ ನರ್ಸುಗಳಾಗಿದ್ದರಿಂದ ಮನೆಯಲ್ಲಿ ಹುಟ್ಟಿದ ಆ ಕರೆ ಆಸ್ಪತ್ರೆಯವರೆಗೂ ನಡೆದುಹೋಗಿತ್ತು. ದೊಡ್ಡವಳು ಮೈಯಲ್ಲೂ ದೊಡ್ಡವಳೇ. ಅವಳ ನಗು ಅವಳಿಗಿಂತ ಮೊದಲು ವಾರ್ಡಿನೊಳಗೆ ಬರುತ್ತಿತ್ತು. ಇಂಜೆಕ್ಷನ್ ಅಂದರೆ ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳೂ ಅವಳ ಕೈಗೆ ಸುಮ್ಮನೆ ತೋಳು ಕೊಡುತ್ತಿದ್ದವು. ಚಿಕ್ಕವಳು ಒಣಕಲು ಮೈಯವಳು, ಮಿತ ಮಾತಿನವಳು, ಔಷಧಿಯ ಅಳತೆ ಒಂದು ಹನಿ ಆಚೀಚೆ ಆಗದಂತೆ ನೋಡಿಕೊಳ್ಳುವವಳು. ಅವಳ ಕೆಲಸದಲ್ಲಿ ಹುಳುಕು ಹುಡುಕುವುದು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಗುಣವಾಗಿ ಮನೆಗೆ ಹೊರಟವರು ಬಾಗಿಲಲ್ಲಿ ನಿಂತು, "ದೊಡ್ಡ ಸಿಸ್ಟರ್ ಎಲ್ಲಿ? ಒಂದು ಮಾತು ಹೇಳಿ ಹೋಗಬೇಕಿತ್ತು" ಅಂತಲೇ ಕೇಳುತ್ತಿದ್ದರು. ಕೇಳುತ್ತಿದ್ದದ್ದು ಬಹುತೇಕ ಚಿಕ್ಕವಳನ್ನೇ.

ಆ ವರ್ಷ ಆಸ್ಪತ್ರೆಯವರು ಒಬ್ಬ ನರ್ಸನ್ನು ಬೋಧಕಿ ತರಬೇತಿಗೆ ಕಳಿಸುವುದಾಗಿ ಹೇಳಿದರು. ಎರಡು ವರ್ಷ ಬೇರೆ ಊರಿನಲ್ಲಿ ಓದು, ತಿರುಗಿ ಬಂದ ಮೇಲೆ ಆಸ್ಪತ್ರೆಯದೇ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಮೊದಲು ಇಂಗ್ಲಿಷ್ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಸಂದರ್ಶನ. ಇಬ್ಬರೂ ಅರ್ಜಿ ಹಾಕಿದರು.

ಇಂಗ್ಲಿಷ್ ಅಂದರೆ ವಾರ್ಡಿನಲ್ಲಿ ಆಡುವ ನಾಲ್ಕು ಮಾತಿನ ಇಂಗ್ಲಿಷ್ ಅಲ್ಲ. ದಪ್ಪ ಪುಸ್ತಕಗಳಲ್ಲಿ ಮಾತ್ರ ಉಸಿರಾಡುವ ಪದಗಳು. ಒಂದೊಂದಕ್ಕೂ ಒಂದು ಸಂಸಾರ. ಅಸ್ಯೂಮ್ ಅನ್ನುವುದು ಕ್ರಿಯಾಪದವಾದರೆ ಅಸಂಪ್ಷನ್ ನಾಮಪದ. ಅನಲೈಸ್ ಮಾಡಿದರೆ ಆಗುವುದು ಅನಾಲಿಸಿಸ್, ಮಾಡುವ ಬುದ್ಧಿ ಅನಲಿಟಿಕಲ್. ಬಾಲ ಬದಲಾದರೆ ಅರ್ಥವೂ ಬದಲು. ಸಂಜೆ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಇಬ್ಬರೂ ಆ ಬಾಲಗಳನ್ನು ಉರು ಹೊಡೆಯುತ್ತಿದ್ದರು. ಮೂಲೆಯಲ್ಲಿ ಕೂತ ಅತ್ತೆ, "ಒಂದೊಂದು ಪದಕ್ಕೆ ಇಷ್ಟಿಷ್ಟು ಮಕ್ಕಳಾದರೆ ಹೆತ್ತವಳ ಗತಿ ಏನ್ರೇ? ನಾನು ಇಬ್ಬರನ್ನ ಹೆತ್ತೇ ಸುಸ್ತಾದೆ" ಅನ್ನುತ್ತಿದ್ದರು.

ದೊಡ್ಡವಳದು ಕಲಿಯುವುದರಲ್ಲೂ ತನ್ನದೇ ದಾರಿ. ಪ್ರತಿ ಪದಕ್ಕೂ ಮನೆಯವರಲ್ಲಿ ಒಬ್ಬರನ್ನು ಗಂಟು ಹಾಕುತ್ತಿದ್ದಳು.

"ರಿಲಕ್ಟಂಟ್ ಅಂದ್ರೆ ನಿಮ್ಮ ಭಾವ. ನೀರಿನ ಕ್ಯಾನ್ ಎತ್ತಿಡ್ರೀ ಅಂದಾಗ ಅವರ ಒಲ್ಲದ ಮುಖ ನೋಡು, ಮರೆಯೋದೇ ಇಲ್ಲ. ಆಂಬಿಗ್ಯುಯಸ್ ಅಂದ್ರೆ ಅತ್ತೆ. 'ಅಡುಗೆ ಇವತ್ತು ಚೆನ್ನಾಗಿದೆ' ಅಂತಾರೆ. ಇವತ್ತು ಚೆನ್ನಾಗಿದೆ ಅಂತಲೋ, ನಿನ್ನೆ ಕೆಟ್ಟಿತ್ತು ಅಂತಲೋ?"

"ಎರಡೂ" ಅಂದರು ಅತ್ತೆ ಮೂಲೆಯಿಂದ.

ಹೀಗೆ ಅರ್ಥವೇನೋ ಅವಳ ತಲೆಯಲ್ಲಿ ಅಂಟಿಕೊಳ್ಳುತ್ತಿತ್ತು, ಬಾಲ ಮಾತ್ರ ಜಾರುತ್ತಿತ್ತು. ಅವಳು ಎಡವಿದಲ್ಲೆಲ್ಲ ಚಿಕ್ಕವಳು ತಿದ್ದುತ್ತಿದ್ದಳು. ಹಾಗೆ ತಿದ್ದುವುದು ಅವಳಿಗೆ ಹಿತವಾಗಿತ್ತು. ಮದುವೆಯಾಗಿ ಬಂದ ದಿನದಿಂದ ಎಲ್ಲದರಲ್ಲೂ ಅಕ್ಕನನ್ನು ಕೇಳಿ ಮಾಡಿದವಳನ್ನು ಇದೊಂದು ವಿಷಯದಲ್ಲಿ ಅಕ್ಕನೇ ಬಂದು, "ಸರಿ ಇದೆಯೇನೇ?" ಅಂತ ಕೇಳುತ್ತಿದ್ದಳು.

ಬರೆಯುವ ಪರೀಕ್ಷೆಯಲ್ಲಿ ಇಬ್ಬರೂ ಗೆದ್ದರು. ಅರ್ಜಿ ಹಾಕಿದ್ದ ಉಳಿದವರೆಲ್ಲ ಉದುರಿಹೋಗಿ ಕೊನೆಗೆ ಉಳಿದದ್ದು ಓರಗಿತ್ತಿಯರಿಬ್ಬರೇ. ಮನೆಯಲ್ಲಿ ಎಲ್ಲರಿಗೂ ಅದೊಂದು ತಮಾಷೆ. "ಯಾರಿಗೆ ಬಂದರೂ ಸೀಟು ನಮ್ಮ ಮನೆಗೇ" ಎಂದು ದೊಡ್ಡವಳು ಕುಣಿದಾಡಿದಳು. ಚಿಕ್ಕವಳೂ ನಕ್ಕಳು. ಆದರೆ ಮರುದಿನ ಮೇಟ್ರನ್ ವಾರ್ಡಿನ ನಡುವೆ ನಿಂತು ದೊಡ್ಡವಳ ಬೆನ್ನು ತಟ್ಟಿ, "ನೀನು ಹೋದರೆ ಈ ವಾರ್ಡನ್ನ ಯಾರು ನೋಡ್ತಾರಮ್ಮ? ಆದರೂ ಹೋಗಬೇಕಾದವಳು ನೀನೇ" ಅಂದದ್ದು ಚಿಕ್ಕವಳ ಕಿವಿಗೆ ಬಿತ್ತು. ಅವಳು ಪಕ್ಕದ ಮಂಚದಲ್ಲಿ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಮೇಟ್ರನ್ ಕಣ್ಣು ಅವಳ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ.

ಸಂದರ್ಶನದಲ್ಲಿ ತಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡಬೇಕಿತ್ತು. ದೊಡ್ಡವಳು ತನ್ನ ಮಾತನ್ನು ತಾನೇ ಕಟ್ಟಿಕೊಂಡು, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ರೋಗಿಗಳ ಕಷ್ಟಸುಖ ಅರಿತು ನಡೆಯುವವಳು ನಾನು ಅಂತ ಹೇಳುವ ಕಡೆ ಬಂದಾಗ ಅವಳ ಬಾಯಿಂದ ಬಂದದ್ದು, "ಐ ಆಮ್ ಎ ವೆರಿ ಕನ್ಸಿಡರಬಲ್ ನರ್ಸ್."

ಬಟ್ಟೆಯ ಆ ಕಡೆ ನಿಂತಿದ್ದ ಚಿಕ್ಕವಳಿಗೆ ತಟ್ಟನೆ ಗೊತ್ತಾಯಿತು. ಹೇಳಬೇಕಾದದ್ದು ಕನ್ಸಿಡರೇಟ್. ಇನ್ನೊಬ್ಬರ ಬಗ್ಗೆ ಕಾಳಜಿ ಇರುವವರು ಅಂತ ಅದರ ಅರ್ಥ. ಕನ್ಸಿಡರಬಲ್ ಅಂದರೆ ಗಣನೀಯ, ಗಾತ್ರದಲ್ಲಿ ದೊಡ್ಡದು. ಅವಳಿಗೆ ನಗು ಉಕ್ಕಿ ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿದ್ದಬೇಕು ಅನ್ನುವಷ್ಟರಲ್ಲಿ ಕೆಳಗಿನಿಂದ ಅತ್ತೆ ಕೂಗಿದರು, ದೊಡ್ಡವಳು ಇಳಿದುಹೋದಳು. ಆಮೇಲೆ ಹೇಳಿದರಾಯಿತು ಅಂದುಕೊಂಡಳು ಚಿಕ್ಕವಳು. ಅಲ್ಲಿಯತನಕ ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಕೆಟ್ಟದ್ದು ಹೊಕ್ಕದ್ದು ಆಮೇಲೆ. ಎರಡನೇ ಸಲ ಆ ಮಾತು ಕೇಳಿದಾಗ ನಗು ಬರಲಿಲ್ಲ, ಬಾಯಿಯೂ ತೆರೆಯಲಿಲ್ಲ. ಒಂದು ಪದದಿಂದ ಆಗೋದೇನು, ಅವಳ ನಗುಮುಖ ನೋಡಿಯೇ ಅವರು ಕರಗಿಹೋಗ್ತಾರೆ ಅಂತ ತನಗೆ ತಾನೇ ಹೇಳಿಕೊಂಡಳು. ಸಂದರ್ಶನದ ಹಿಂದಿನ ದಿನ ದೊಡ್ಡವಳು ಮೆಟ್ಟಿಲ ಬುಡದಲ್ಲಿ ಅವಳನ್ನು ನಿಲ್ಲಿಸಿಕೊಂಡು, ಮೊದಲಿಂದ ಕೊನೆಯತನಕ ಎಲ್ಲ ಒಪ್ಪಿಸಿ, "ಸರಿ ಇದೆಯೇನೇ? ಎಲ್ಲಾದರೂ ತಪ್ಪಿದ್ರೆ ಈಗಲೇ ಹೇಳಿಬಿಡು" ಅಂದಳು.

"ಸರಿ ಇದೆ ಅಕ್ಕ. ಚೆನ್ನಾಗಿದೆ" ಅಂದಳು ಚಿಕ್ಕವಳು.

ಮಾರನೆಯ ದಿನ ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ಚಿಕ್ಕವಳು ಕೂತಿದ್ದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಮೇಟ್ರನ್, ಒಬ್ಬ ಸರ್ಜನ್, ತರಬೇತಿ ಕಾಲೇಜಿನಿಂದ ಬಂದ ಒಬ್ಬ ಮೇಡಂ. ದೊಡ್ಡವಳ ದನಿ ಸಲೀಸಾಗಿ ಸಾಗುತ್ತಿತ್ತು. ಆ ಸಾಲು ಬಂತು. ಆಮೇಲೆ ಸರ್ಜನ್ ದನಿ: "ಅದು ನಮಗೂ ಕಾಣಿಸ್ತಾ ಇದೆ, ಸಿಸ್ಟರ್." ನಗು ಸಿಡಿಯಿತು. ಕಾಲೇಜಿನ ಮೇಡಂ ನಗು ತಡೆಯಲು ಕೆಮ್ಮಿದ್ದೂ ಕೇಳಿಸಿತು. ದೊಡ್ಡವಳ ದನಿ ಮತ್ತೆ ಶುರುವಾಯಿತು, ತಡವರಿಸಿತು, ಎಲ್ಲಿದ್ದೆ ಅನ್ನುವುದೇ ತಪ್ಪಿಹೋಗಿ ನಿಂತುಬಿಟ್ಟಿತು.

ಹೊರಗೆ ಬಂದವಳ ಮುಖ ಕೆಂಪಾಗಿತ್ತು. ನಗುವುದಕ್ಕೆ ನೋಡಿದಳು. "ನನ್ನ ಮೈ ನೋಡಿ ನಕ್ಕರು ಕಣೇ. ಮಾತೆಲ್ಲ ಮರೆತೇಹೋಯ್ತು. ಹೋಗು, ನೀನು ಚೆನ್ನಾಗಿ ಹೇಳು" ಅಂದು, ಚಿಕ್ಕವಳ ಸಮವಸ್ತ್ರದ ಕಾಲರ್ ಮಡಚಿಕೊಂಡಿದ್ದನ್ನು ಸರಿಮಾಡಿ ಕಳಿಸಿದಳು.

ಒಳಗೆ, ಒಳ್ಳೆಯ ನರ್ಸಿಗೆ ಇರಬೇಕಾದ ಗುಣ ಯಾವುದು ಅಂತ ಮೇಟ್ರನ್ ಕೇಳಿದರು. ಆ ಪದ ಚಿಕ್ಕವಳ ನಾಲಿಗೆಯ ತುದಿಗೆ ಬಂತು, ಸರಿಯಾದ ಬಾಲದ ಸಮೇತ. ಅದನ್ನು ನುಂಗಿಕೊಂಡು ಬೇರೇನೋ ಹೇಳಿದಳು. ಆದರೂ ಸೀಟು ಅವಳಿಗೇ ಬಂತು.

ಮನೆಗೆ ಸಿಹಿ ತಂದವಳು ದೊಡ್ಡವಳೇ. ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಚಿಕ್ಕವಳು ಗೆದ್ದಳು" ಎಂದು ಹೇಳಿಕೊಂಡು ಬಂದಿದ್ದಳು. ಎಲ್ಲರ ಕೈಗೂ ಹಂಚಿದಳು, ತಾನು ಮಾತ್ರ ಬಾಯಿಗೆ ಹಾಕಿಕೊಳ್ಳಲಿಲ್ಲ. ಅವತ್ತು ಅದನ್ನು ಬೇರೆ ಯಾರೂ ಗಮನಿಸಲಿಲ್ಲ.

ಚಿಕ್ಕವಳು ಗಮನಿಸಿದಳು. ಗಮನಿಸದೆ ಇರಲು ಅವಳಿಂದ ಆಗಲಿಲ್ಲ. ದೊಡ್ಡವಳು ತಟ್ಟೆಗೆ ಹಾಕಿಕೊಳ್ಳುವ ಅನ್ನ ದಿನದಿನಕ್ಕೆ ಕಡಿಮೆಯಾಯಿತು. "ಹಸಿವಿಲ್ಲ", "ಆಸ್ಪತ್ರೇಲೇ ತಿಂದೆ" ಅನ್ನುವ ನೆವಗಳು. ಸಮವಸ್ತ್ರವನ್ನು ಇನ್ನಷ್ಟು ಸಡಿಲ ಹೊಲಿಸಿಕೊಂಡಳು. ಡಾಕ್ಟರರು ರೌಂಡಿಗೆ ಬಂದಾಗ ಮುಂದೆ ನಿಲ್ಲುತ್ತಿದ್ದವಳು ಔಷಧಿ ಗಾಡಿಯ ಹಿಂದೆ ನಿಲ್ಲತೊಡಗಿದಳು. ಸರ್ಜನ್ ಬಂದರಂತೂ ಏನಾದರೂ ಕೆಲಸ ಹುಡುಕಿಕೊಂಡು ಹೊರಗೇ ಹೋಗಿಬಿಡುತ್ತಿದ್ದಳು. ವಾರ್ಡಿಗೆ ಅವಳು ಬಂದದ್ದು ಈಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ದೊಡ್ಡ ಸಿಸ್ಟರಿಗೆ ಮೈ ಹುಷಾರಿಲ್ವಾ?" ಎಂದು ರೋಗಿಗಳು ಕೇಳಿದಾಗ ಚಿಕ್ಕವಳು ತಲೆ ತಗ್ಗಿಸಿ ಜ್ವರದ ಪಟ್ಟಿಯಲ್ಲಿ ಏನೋ ಬರೆಯುತ್ತಿದ್ದಳು.

ಹೇಳಿಬಿಡಬೇಕು ಅಂತ ಎಷ್ಟೋ ಸಲ ಅಂದುಕೊಂಡಳು. "ಅಕ್ಕ" ಅಂದವಳು, ದೊಡ್ಡವಳು ತಿರುಗಿದ ಕೂಡಲೇ, "ಉಪ್ಪಿನ ಡಬ್ಬಿ ಎಲ್ಲಿ?" ಅಂತ ಕೇಳಿ ಬಾಯಿ ಮುಚ್ಚಿಕೊಂಡಳು. ತನ್ನ ಗಂಡನಿಗೂ ಹೇಳಲಾಗಲಿಲ್ಲ. ಅತ್ತೆ ಒಮ್ಮೆ, "ಗೆದ್ದವಳು ನೀನು, ಸೋತವಳ ಹಾಗೆ ಯಾಕೇ ಮುಖ ಮಾಡ್ಕೊಂಡಿದ್ದೀ?" ಅಂದಾಗ ಅವಳು ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದುಹೋದಳು.

ಒಂದು ಬೆಳಗ್ಗೆ, ಸೊಂಟ ಮುರಿದ ಮುದುಕಿಯೊಬ್ಬಳನ್ನು ಮಂಚದಿಂದ ಗಾಲಿಕುರ್ಚಿಗೆ ದಾಟಿಸುತ್ತಿದ್ದಾಗ ದೊಡ್ಡವಳಿಗೆ ಕಣ್ಣು ಕತ್ತಲೆ ಬಂತು. ಮುದುಕಿಯನ್ನು ಬೀಳಗೊಡದೆ ಮಂಚಕ್ಕೇ ವಾಪಸು ಒರಗಿಸಿ, ತಾನು ನೆಲಕ್ಕೆ ಕುಸಿದಳು. ಚಿಕ್ಕವಳು ಓಡಿಬಂದಾಗ ಮುದುಕಿ ಅಳುತ್ತಿದ್ದಳು: "ನನ್ನ ಮಗಳಿಗೆ ಏನಾಯ್ತು ನೋಡ್ರಮ್ಮ!"

ನರ್ಸುಗಳ ಕೋಣೆಯಲ್ಲಿ ದೊಡ್ಡವಳ ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿದ್ದು ಚಿಕ್ಕವಳೇ. ಕಣ್ಣು ಬಿಟ್ಟ ದೊಡ್ಡವಳು, "ಎರಡು ದಿನದಿಂದ ಸರಿಯಾಗಿ ತಿಂದಿರಲಿಲ್ಲ ಅಷ್ಟೇ. ಅತ್ತೆಗೆ ಹೇಳಬೇಡ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅವತ್ತು ಮೂರು ಜನ ನಕ್ಕದ್ದು ಕಿವಿಯಿಂದ ಹೋಗ್ತಾನೇ ಇಲ್ಲ ಕಣೇ" ಅಂದಳು.

ಚಿಕ್ಕವಳು ಸ್ಟೂಲಿನ ಮೇಲೆ ಕೂತಳು. "ಅಕ್ಕ, ಅವರು ಮೊದಲು ನಕ್ಕದ್ದು ನಿಮ್ಮ ಮೈ ನೋಡಿ ಅಲ್ಲ. ನೀವು ಹೇಳಿದ ಪದ ಕೇಳಿ."

"ಯಾವ ಪದ?"

"ಕನ್ಸಿಡರಬಲ್. ಅದು ಕನ್ಸಿಡರೇಟ್ ಆಗಬೇಕಿತ್ತು. ನೀವು ಹೇಳಿದ್ದಕ್ಕೆ ದೊಡ್ಡ ಗಾತ್ರದವಳು ಅಂತ ಅರ್ಥ ಬರುತ್ತೆ. ಪದ ಕೇಳಿದರು, ಆಮೇಲೆ ನಿಮ್ಮನ್ನ ನೋಡಿದರು."

ದೊಡ್ಡವಳು ಛಾವಣಿ ನೋಡುತ್ತಾ ಎರಡೂ ಪದಗಳನ್ನು ತುಟಿಯಲ್ಲೇ ಹೇಳಿಕೊಂಡಳು. ನಿಧಾನವಾಗಿ ಅವಳ ಮುಖ ಈ ಕಡೆ ತಿರುಗಿತು.

"ನಾನು ನಿನ್ನ ಕೇಳಿದ್ನಲ್ಲೇ. ಮೆಟ್ಟಿಲ ಹತ್ತಿರ."

"ಕೇಳಿದ್ರಿ."

"ಆಗ ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ ಅಂದರೆ ಮುಗಿದುಹೋಗುತ್ತಿತ್ತು. ಅಕ್ಕ ನಂಬುತ್ತಿದ್ದಳು. ನಂಬುತ್ತಾಳೆ ಅನ್ನುವುದೇ ಆ ಸುಳ್ಳಿಗೆ ಅಡ್ಡ ಬಂತು.

"ಗೊತ್ತಿತ್ತು ಅಕ್ಕ. ಮಹಡಿ ಮೇಲೆ ಮೊದಲ ಸಲ ಕೇಳಿದಾಗಲೇ ಗೊತ್ತಿತ್ತು. ನನಗೆ ಆ ಸೀಟು ಬೇಕಿತ್ತು."

ದೊಡ್ಡವಳು ಬೈಯಲಿಲ್ಲ. ಬೈದಿದ್ದರೆ ಚಿಕ್ಕವಳು ಕಾಲು ಹಿಡಿಯುತ್ತಿದ್ದಳು, ಅತ್ತು ಹಗುರಾಗುತ್ತಿದ್ದಳು. "ಹೊರಗೆ ಹೋಗು. ಬೇರೆ ಯಾರನ್ನಾದರೂ ಕಳಿಸು" ಅಂದು ಗೋಡೆಯ ಕಡೆ ಹೊರಳಿದಳು, ಅಷ್ಟೇ.

ಚಿಕ್ಕವಳು ನೇರ ಮೇಟ್ರನ್ ಕೋಣೆಗೆ ಹೋಗಿ ಸೀಟು ಬಿಡುತ್ತೇನೆ, ಅಕ್ಕನಿಗೆ ಕೊಡಿ ಅಂದಳು. ಮೇಟ್ರನ್ ಕನ್ನಡಕ ತೆಗೆದರು. "ಇದೇನು ಆಟಾನಾ? ಹೆಸರು ಕಾಲೇಜಿಗೆ ಹೋಗಿ ಆಯ್ತು. ನೀನು ಬಿಟ್ಟರೆ ಆ ಸೀಟು ಬೇರೆ ಆಸ್ಪತ್ರೆಗೆ ಹೋಗುತ್ತೆ, ನಿನ್ನ ಅಕ್ಕನಿಗಲ್ಲ." ಯಾಕೆ ಬಿಡುತ್ತೀ ಅಂತ ಕೇಳಿದಾಗ ಚಿಕ್ಕವಳು ನಡೆದದ್ದನ್ನೂ ಹೇಳಿದಳು. ಮೇಟ್ರನ್ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಅವತ್ತು ನಾನೂ ನಕ್ಕೆ" ಅಂದರು ಕೊನೆಗೆ, ಅವಳ ಮುಖ ನೋಡದೆ.

ಸುದ್ದಿ ದೊಡ್ಡವಳಿಗೆ ಮುಟ್ಟಿತು. ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತೆ ಇಲ್ಲದ ಹೊತ್ತು ನೋಡಿ ಬಂದಳು. "ನನ್ನದನ್ನ ಕಳೆದದ್ದು ಸಾಲದು ಅಂತ ಈಗ ನಿನ್ನದನ್ನೂ ಕಳೆಯೋಕೆ ಹೊರಟಿದ್ದೀಯಾ? ಹೋಗು. ಓದು. ನೀನು ಇಲ್ಲೇ ಕೂತು ಮುಖ ಸಣ್ಣ ಮಾಡ್ಕೊಂಡ್ರೆ ನಾನು ದಿನಾ ಸಮಾಧಾನ ಮಾಡಬೇಕಾ?" ಅಷ್ಟು ಹೇಳಿ ತಟ್ಟೆ ಎಳೆದುಕೊಂಡು, ಚಿಕ್ಕವಳ ಎದುರಿಗೇ ಹೊಟ್ಟೆ ತುಂಬಾ ಉಂಡಳು. ಎಷ್ಟೋ ದಿನಗಳ ಮೇಲೆ.

ಮನೆಯಲ್ಲಿ ದೊಡ್ಡವಳು ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ. ಊರು ಬಿಡುವ ದಿನ ಅತ್ತೆ ಚಿಕ್ಕವಳ ಕೆನ್ನೆ ಸವರಿ, "ನಿನ್ನ ಅಕ್ಕ ಕಲಿಸಿದ್ದನ್ನ ಮರೀಬೇಡ" ಅಂದಾಗ ದೊಡ್ಡವಳು ಪೆಟ್ಟಿಗೆ ಎತ್ತಿ ಗಾಡಿಗೆ ಇಡುತ್ತಿದ್ದಳು, ತಿರುಗಿ ನೋಡಲಿಲ್ಲ. ಆ ಮೌನವನ್ನು ಚಿಕ್ಕವಳು ಎರಡು ವರ್ಷ ಹಾಸ್ಟೆಲಿನ ಕೋಣೆಯಲ್ಲಿ ಹೊತ್ತಳು. ಪುಸ್ತಕದಲ್ಲಿ ಆ ಪದದ ಸಂಸಾರದವರು ಯಾರೇ ಎದುರಾದರೂ ಅವಳ ಮುಖ ಬಿಸಿಯಾಗುತ್ತಿತ್ತು. ದಪ್ಪ ಪುಸ್ತಕಗಳಲ್ಲಿ ಅವರು ಪುಟಪುಟಕ್ಕೂ ಎದುರಾಗುತ್ತಾರೆ.

ದೊಡ್ಡವಳು ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಈ ಸಲ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿದ್ದ, ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳ ಜೊತೆ ಕೂತು ಓದಿದಳು. ರಜೆಗೆ ಬಂದಿದ್ದ ಚಿಕ್ಕವಳು ಟೀ ಹಿಡಿದು ಕೋಣೆಗೆ ಹೋದರೆ ಒಳಗಿನ ಮಾತು ನಿಲ್ಲುತ್ತಿತ್ತು. "ಅಲ್ಲಿಡು" ಅನ್ನುತ್ತಿದ್ದಳು ದೊಡ್ಡವಳು. ಸೀಟು ಸಿಕ್ಕಿತು, ಓದಿ ಬಂದಳು.

ಈಗ ಇಬ್ಬರೂ ಅದೇ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಾರೆ. ದೊಡ್ಡವಳ ತರಗತಿಯ ನಗು ಅಂಗಳದವರೆಗೆ ಕೇಳಿಸುತ್ತದೆ. ಚಿಕ್ಕವಳಿಗೆ ಹುಡುಗಿಯರು 'ತಿದ್ದಮ್ಮ' ಅಂತ ಅಡ್ಡಹೆಸರಿಟ್ಟಿದ್ದಾರೆ. ಯಾರಾದರೂ ಒಂದು ಪದ ತಪ್ಪಾಡಿದರೆ ಅರ್ಧ ಮಾತಿನಲ್ಲೇ ತಡೆದು ಸರಿಮಾಡುತ್ತಾಳೆ, ಊಟದ ಹೊತ್ತಿನಲ್ಲೂ ಬಿಡುವುದಿಲ್ಲ. ಕಟ್ಟುನಿಟ್ಟಿನವಳು ಅಂತ ಅವರ ಲೆಕ್ಕ.

ಓರಗಿತ್ತಿಯರು ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ಬುತ್ತಿ ಬಿಚ್ಚುತ್ತಾರೆ. ಮನೆಯ ಮಾತು, ಮಕ್ಕಳ ಮಾತು, ಅತ್ತೆಯ ಮಂಡಿನೋವಿನ ಮಾತು, ಎಲ್ಲ ಉಂಟು. ಮೊನ್ನೆ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದ ದೊಡ್ಡವಳ ಪೆನ್ನು ಒಂದು ಕಡೆ ನಿಂತಿತು. ಪಕ್ಕದಲ್ಲೇ ಕೂತಿದ್ದ ಚಿಕ್ಕವಳು ಇಣುಕಿ ನೋಡಿ, "ಅಲ್ಲಿ ಸಿಗ್ನಿಫಿಕನ್ಸ್ ಬರುತ್ತೆ ಅಕ್ಕ" ಅಂದಳು.

"ಹೌದಾ" ಅಂದಳು ದೊಡ್ಡವಳು, ಮುಖದಲ್ಲಿ ಸಿಟ್ಟಿಲ್ಲದೆ. ಆಮೇಲೆ ಎದ್ದುಹೋಗಿ ಕಪಾಟಿನಿಂದ ನಿಘಂಟು ತಂದು, ಪುಟ ಮಗುಚಿ, ಬೆರಳಿಟ್ಟು ನೋಡಿ, ಅದೇ ಪದವನ್ನು ಬರೆದುಕೊಂಡಳು.