ಬೆವರದ ಕೈ

ಹೊಳಲ್ಕೆರೆಯಲ್ಲಿ ನನ್ನ ಗಂಡನಿಗೆ ಟೈಲರ್ ಅಂಗಡಿ ಇತ್ತು. ಮಿಷನ್ ತುಳಿಯುವಾಗಲೂ ತುಟಿಯಲ್ಲಿ ಬೀಡಿ. ಎಪ್ಪತ್ತರ ದಶಕದ ಆರಂಭದ ಒಂದು ಚಳಿಗಾಲದಲ್ಲಿ ಅವರ ಬಲಗೈ ತೋರುಬೆರಳು ಬಿಳಿಚಿ, ಆಮೇಲೆ ನೀಲಿಯಾಯಿತು. ಸೂಜಿ ಚುಚ್ಚಿದ ಗಾಯ ಮಾಯಲಿಲ್ಲ. ತುದಿ ಕಪ್ಪಾಗಿ ಒಣಗಿತು. ನೋವಿಗೆ ಅವರು ಮಲಗಲಾರದೆ, ಕೈಯನ್ನು ಮಂಚದಿಂದ ಇಳಿಬಿಟ್ಟು ಕೂತೇ ಇರುತ್ತಿದ್ದರು.

ಚಿತ್ರದುರ್ಗದ ಡಾಕ್ಟರು ಮಣಿಕಟ್ಟು ಹಿಡಿದು ಅಲ್ಲಲ್ಲಿ ಒತ್ತಿ ನೋಡಿದರು.

"ನಾಡಿ ಸಿಗ್ತಿಲ್ಲ. ರಕ್ತನಾಳ ಕಟ್ಕಂಡೈತೆ. ಬೀಡಿ ಇವತ್ತೇ ಬಿಡ್ರಿ," ಎಂದು ಬೆಂಗಳೂರಿಗೆ ಕಳಿಸಿದರು.

ಅಲ್ಲಿ ಕಂಕುಳಲ್ಲಿ ಕೊಯ್ದು, ರಕ್ತನಾಳಗಳನ್ನು ಬಿಗಿಯಾಗಿಡುವ, ಕೈಗೆ ಬೆವರು ಬರಿಸುವ ನರವನ್ನು ಕತ್ತರಿಸಿದರು. ಬೆರಳಿನ ಕಪ್ಪು ತುದಿಯನ್ನೂ ತೆಗೆದರು. ಕೈ ಬೆಚ್ಚಗಾಯಿತು. ಆದರೆ ಕಟ್ಟಿದ ನಾಳ ತೆರೆದುಕೊಳ್ಳುವುದಿಲ್ಲ, ರಕ್ತ ಇನ್ನು ಸಣ್ಣಪುಟ್ಟ ನಾಳಗಳಲ್ಲೇ ಸುತ್ತಿ ಬರಬೇಕು ಎಂದರು. ಪಕ್ಕದ ಮಂಚದಲ್ಲಿ ಹಿರಿಯೂರು ಕಡೆಯ ಕುರಿ ಕಾಯುವವರೊಬ್ಬರು ಇದ್ದರು. ಅದೇ ಕಾಯಿಲೆ, ಅದೇ ಆಪರೇಷನ್. ಇಬ್ಬರೂ ಒಟ್ಟಿಗೇ ಬೀಡಿ ಬಿಡುವ ಮಾತಾಡಿದ್ದರು.

ಮನೆಗೆ ಬಂದ ಮೇಲೆ ಆ ಕೈ ಬೆವರುವುದನ್ನೇ ಮರೆಯಿತು. ಬೇಸಿಗೆಯಲ್ಲಿ ಬೆನ್ನೆಲ್ಲ ತೊಯ್ದರೂ ಬಲ ಅಂಗೈ ಕಾಗದದಂತೆ ಒಣಗಿರುತ್ತಿತ್ತು. ಬಟ್ಟೆ ಜಾರುತ್ತದೆಂದು ನೀರಿನ ಬಟ್ಟಲಲ್ಲಿ ಬೆರಳದ್ದಿಕೊಂಡು ಹೊಲಿಯುತ್ತಿದ್ದರು. ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿದಾಗ ನಾನು ಮಣಿಕಟ್ಟು ಮುಟ್ಟಿ ನೋಡುತ್ತಿದ್ದೆ. ಬೆಚ್ಚಗಿರುತ್ತಿತ್ತು, ಮಿಡಿತ ಮಾತ್ರ ಇಲ್ಲ. ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಡುಕುತ್ತಿದ್ದೆ. ಸಿಗದಾಗ ಉಸಿರಾಡುವ ಎದೆಯನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎರಡು ಮೂರು ವರ್ಷದ ಮೇಲೆ ಆ ಕುರಿಯವರು ಅಂಗಡಿ ಹುಡುಕಿಕೊಂಡು ಬಂದರು. ಹೆಗಲ ಮೇಲೆ ಕಂಬಳಿ. ಅದನ್ನು ಸರಿಸಿದಾಗ ಮೊಣಕೈಯಿಂದ ಕೆಳಗೆ ಅಂಗಿ ತೋಳು ಖಾಲಿಯಾಗಿ ಜೋತಾಡಿತು.

"ಕುಂತ್ಕಳ್ರಿ," ಎಂದರು ಇವರು.

"ಬೀಡಿ ಬಿಡಾಕ ಆಗ್ಲಿಲ್ಲಪ್ಪ. ಈ ತೋಳು ಗಾಳಿಗೆ ಹಾರಾಡ್ತೈತೆ. ಮಡಿಚಿ ಹೊಲ್ಕೊಡ್ರಿ."

ಇವರು ತೋಳನ್ನು ಮಡಿಚಿ, ಅದರ ತುದಿ ಮುಚ್ಚಿ ಹೊಲಿದರು. ಮಿಷನ್ ಸದ್ದು ನಿಂತಾಗ ಕುರಿಯವರೆಂದರು: "ಕೈ ಇಲ್ಲ, ಬೆರಳು ಮಾತ್ರ ಉರೀತಾವೆ. ಎಲ್ಲಿ ಉಜ್ಜಬೇಕೋ ತಿಳಿಯಂಗಿಲ್ಲ."

ಹೊರಡುವ ಮುಂಚೆ ಅವರು ಇವರ ಬಲಗೈಯನ್ನು ತಮ್ಮ ಒಂದೇ ಕೈಯಲ್ಲಿ ಹಿಡಿದುಕೊಂಡರು. "ಇನ್ನೂ ಬೆಚ್ಚಗೈತೆ," ಎಂದರು. ಬಿಡಲು ಅವರಿಗೆ ಮನಸ್ಸಿರಲಿಲ್ಲ. ಎಳೆದುಕೊಳ್ಳಲು ಇವರಿಗೆ ಧೈರ್ಯವಿರಲಿಲ್ಲ. ಅವರು ಹೋದ ಮೇಲೆ ಇವರು ಅಂಗಡಿ ಬಾಗಿಲು ಹಾಕಿಬಿಟ್ಟರು. ಆಮೇಲೆ ಯಾವ ಅಂಗಿಯ ತೋಳು ಮಡಿಚುವಾಗಲೂ ಒಂದು ಗಳಿಗೆ ನಿಲ್ಲುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದ ಬೆಳಿಗ್ಗೆ, ಆ ಕೈ ಮತ್ತೆ ತಣ್ಣಗಿತ್ತು. ಚಿತ್ರದುರ್ಗಕ್ಕೆ ಓಡಿದೆವು. ಡಾಕ್ಟರು ಉಗುರು ಒತ್ತಿ, ಕೆಂಪು ಮರಳುವುದನ್ನು ನೋಡಿದರು.

"ನರ ಕತ್ತರಿಸಿದ್ದರ ಗುಣ ಇಷ್ಟು ವರ್ಷ ಉಳಿದಿದ್ದೇ ಹೆಚ್ಚು. ಬೀಡಿ ಬಿಟ್ರಲ್ಲ, ಅದಕ್ಕೇ ಉಳಿದ ಬೆರಳು ಚೆನ್ನಾಗವೆ. ಚಳಿಗೆ ಕೈ ಒಡ್ಡಬೇಡ್ರಿ."

ಹಿಂದಿರುಗುವ ಬಸ್ಸಿನಲ್ಲಿ ಇವರು ಕಿಟಕಿಯಾಚೆ ನೋಡುತ್ತ ಕೇಳಿದರು: "ಆ ಕುರಿಯೋರು ಇದಾರಂತೇನೆ?"

"ನಂಗೇನು ಗೊತ್ತುರೀ," ಎಂದೆ. ಅವರ ಊರಿನ ಹೆಸರನ್ನು ನಾವಿಬ್ಬರೂ ಕೇಳಿಯೇ ಇರಲಿಲ್ಲ.